ಲೇತಿನ ಮೇಲಿನ ಅಂಗೈ

ಅಮೆರಿಕದ ಒಹಾಯೊದಲ್ಲಿ ಮರ್ಲ್ ಎಂಬ ಹಿರಿಯರ ಗ್ಯಾರೇಜಿನಲ್ಲಿ ಹಳೇ ಸಾಮಾನು ಮಾರಾಟವಿತ್ತು. ಡ್ರಿಲ್ ಬಿಟ್ಟುಗಳ ಡಬ್ಬಿ ಹಿಡಿದು ನಾನು ಕಾಯುತ್ತಿದ್ದೆ. ನನ್ನ ಮುಂದೆ ಕರ್ಟಿಸ್ ಎಂಬ ಯುವಕ ಲೋಹ ಕಡೆಯುವ ಯಂತ್ರವೊಂದನ್ನು, ಹಳೇ ಲೇತನ್ನು, ಕೊಳ್ಳುತ್ತಿದ್ದ.

“ಯಜಮಾನ್ರೇ, ಮಿಷಿನ್ನು ಕನ್ನಡಿ ಇದ್ದಂಗಿದೆ. ಇಲ್ಲಿ ಮಾತ್ರ ಯಾರೋ ಬೆವರುಗೈ ಇಟ್ಟು ತುಕ್ಕು ಹಿಡಿಸಿದ್ದಾರೆ. ಐದು ಬೆರಳೂ ಕಾಣ್ತವೆ.”

“ನನ್ನ ಮಗಳು.”

“ಎಣ್ಣೆಬಟ್ಟೇಲಿ ಒರೆಸೋ ಅಭ್ಯಾಸ ಇಲ್ವಾ ಅವರಿಗೆ?”

“ದಿನಾ ಒರೆಸ್ತಿದ್ಲು. ನನ್ನನ್ನೂ ಮುಟ್ಟೋಕೆ ಬಿಡ್ತಿರ್ಲಿಲ್ಲ. ಅವತ್ತು ಎದೆನೋವು ಬಂದು ಈ ಮಿಷಿನ್ನನ್ನೇ ಹಿಡ್ಕೊಂಡು ನಿಂತ್ಲು. ಆಸ್ಪತ್ರೆಯಿಂದ ವಾಪಸ್ ಬರ್ಲಿಲ್ಲ.”

ಕರ್ಟಿಸ್ ತುಕ್ಕು ಉಜ್ಜಲು ಕೈಗೆತ್ತಿಕೊಂಡಿದ್ದ ಎಮರಿ ಪೇಪರನ್ನು ಜೇಬಿಗೆ ಹಾಕಿಕೊಂಡ.

“ಇದು ಹಿಂಗೇ ಇರ್ಲಿ ಬಿಡಿ.”

“ಬೇಡಪ್ಪ. ತುಕ್ಕು ಹಂಗೇ ಬಿಟ್ರೆ ಅವಳು ಬೈತಾಳೆ. ಮನೆಗೆ ಹೋಗಿ ಉಜ್ಜು, ನನ್ನೆದುರು ಬೇಡ.”

ಲೇತ್ ಟ್ರಕ್ ಏರುವ ಮುನ್ನ ಮರ್ಲ್ ತಮ್ಮ ಕೈಬೆವರನ್ನು ಅಂಗಿಗೆ ಚೆನ್ನಾಗಿ ಒರೆಸಿಕೊಂಡು, ಆ ಗುರುತಿನ ಮೇಲೆ ಅಂಗೈ ಇಟ್ಟರು.