ಎರಡೂರಲ್ಲಿ ರೂಮು

ಸಣ್ಣ ವಿಮಾನಗಳಿಗೆ ಪೆಟ್ರೋಲು ತುಂಬಿಸುವ ಮುದುಕನ ಕಿವಿ ಪಕ್ಕದಲ್ಲಿ ನಡೆದಿದ್ದ ಮಾತಿಗೆ ನಿಮಿರಿತು. ಹೋಗಬೇಕಿದ್ದ ಊರಿಗೆ ಮಂಜು ಕವಿದಿದ್ದರಿಂದ ಪೈಲಟ್ ಸೊಸೆ ಅತ್ತೆಯನ್ನು ಕೂರಿಸಿಕೊಂಡು ಇಲ್ಲಿ ಇಳಿದಿದ್ದಳು.

"ಲಾಡ್ಜೆಲ್ಲ ಭರ್ತಿಯಂತೆ ಕಣೇ."

"ನಮ್ಮ ರೂಮಿದೆ ಅತ್ತೆ. ಮೊನ್ನೇನೇ ಬುಕ್ ಮಾಡಿದ್ದೆ."

"ಇಲ್ಲೂನಾ? ಅಲ್ಲೂ ಮಾಡಿದ್ದೆಯಲ್ಲೇ!"

"ಮಂಜು ನಮ್ಮ ಮಾತು ಕೇಳುತ್ತಾ? ಹೋಗೋ ಊರಲ್ಲೊಂದು, ಅಲ್ಲಿ ಇಳಿಯೋಕಾಗದಿದ್ರೆ ತಿರುಗೋ ಊರಲ್ಲೊಂದು."

"ಓಹೋ, ಇದಕ್ಕೇನಾ ನನ್ನ ಮಗ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ದು?"

"ಹೂಂ. ಈಗ ಅವರೂ ತಮ್ಮ ವಿಮಾನ ಇಲ್ಲೇ ಇಳಿಸಿದಾರೆ. ನಮ್ಮ ರೂಮಲ್ಲಿ ಜಾಗ ಇದೆಯಾ ಅಂತ ಫೋನಲ್ಲಿ ಕೇಳ್ತಿದಾರೆ."

"ಮಂಚ ಎಷ್ಟು?"

"ಎರಡು."

ಅತ್ತೆ ಚೀಲವನ್ನು ಹೆಗಲಿಗೇರಿಸಿದಳು.

"ಹೆತ್ತವಳು ನಾನೇ ಹೇಳ್ತಿದೀನಿ, ನಕ್ಕೋನು ರೆಕ್ಕೆ ಕೆಳಗೆ ಮಲಗಲಿ. ನಡಿ, ಕ್ಯಾಪ್ಟನ್!"