ಟರ್ಬೈನ್ ಮಾವ ಸಭೆಯಲ್ಲಿ ಕೇಳಿದ ಪ್ರಶ್ನೆ

ನಿನ್ನಾಣೆ, ನಿಮ್ಮಮ್ಮ ಅಂದ್ರೆ ನಮ್ಮಕ್ಕನ ಆಣೆ, ಒಂದಕ್ಷರ ಸುಳ್ಳಿಲ್ಲ. ಪವರ್ ಪ್ಲಾಂಟ್ ಮುಚ್ಚೋ ಸಭೇಲಿ ಅಷ್ಟೂ ಜನ ಬಾಯಿ ಬಿಟ್ಕೊಂಡು ನೋಡಿದ್ದು ಈ ಮಾವನ್ನ. ಯಾಕೆ ನಗ್ತೀಯ? ನಿಮ್ಮ ಗುತ್ತಿಗೆಯವರನ್ನೆಲ್ಲ ಗೇಟಿನಾಚೆ ನಿಲ್ಲಿಸಿದ್ರು, ಒಳಗಿನ ಕಥೆ ನಿನಗೇನು ಗೊತ್ತು. ಆ ಹೆಲ್ಮೆಟ್ ಕೆಳಗಿಟ್ಟು ಕೂತ್ಕೋ.

ಎಸಿ ಅಂದ್ರೆ ಅದು ಎಸಿ. ಕರೆಂಟ್ ಉಳಿಸಿ ಅಂತ ಬುದ್ಧಿ ಹೇಳೋಕೆ ಬಂದ ಮಹಾನುಭಾವರು ಕೋಟು ಹಾಕ್ಕೊಂಡು ನಡುಗ್ತಾ ಕೂತಿದ್ರು. ಯಾರ ಕರೆಂಟು? ನೀನು ಬೆಲ್ಟಿಗೆ ಸುರಿಯೋ ಕಲ್ಲಿದ್ದಲು, ನಾನು ತಿರುಗಿಸೋ ಟರ್ಬೈನು. ಗೋಡೆ ಮೇಲೆ ಒಂದು ಗೆರೆ ತೋರಿಸಿದ್ರು. ಹೊಗೆ ಇನ್ನೂ ಕೆಲವು ವರ್ಷ ಮೇಲೇರುತ್ತಂತೆ, ಆಮೇಲೆ ಜಾರುಬಂಡೆ ಥರ ಸುಯ್ಯಂತ ಸೊನ್ನೆಗೆ. ಯಾವಾಗ? ನಿನ್ನ ಮಗಳ ತಲೆ ನರೆಯೋ ಹೊತ್ತಿಗೆ. ಮಾತು ಕೊಟ್ಟವರು ಅಷ್ಟರಲ್ಲಿ ಗೋಡೆ ಮೇಲಿನ ಫೋಟೋ. ವಾಯಿದೆ ಅಂದ್ರೆ ಹಾಗಿರಬೇಕು ನೋಡು, ಕೇಳೋಕೆ ಹೋದ್ರೆ ಮನೇಲಿ ಯಾರೂ ಇರಬಾರದು.

ಇದಕ್ಕೆಲ್ಲ ದುಡ್ಡೆಲ್ಲಿಂದ? ಹೊಗೆ ಬಿಟ್ಟೇ ಸಾಹುಕಾರರಾದ ದೇಶಗಳು ಕೊಡ್ತಾವಂತೆ. ದಾನ ಅಂದ್ಕೊಂಡ್ಯಾ? ಸಾಲ ಕಣೇ, ಸಾಲ. ಬಡ್ಡಿಗೆ ಹಸಿರು ಅಂಗಿ ಹೊಲಿಸಿದ್ದಾರೆ, ಅಷ್ಟೇ. ನಮ್ಮವರೇನು ಕಮ್ಮಿ? ನಮ್ಮ ಹಳೇ ಘಟಕ ಮುಚ್ಚೋಕೆ ಒಂದು ಸಾಲ, ಪಕ್ಕದ ಬಯಲಲ್ಲಿ ಕಲ್ಲಿದ್ದಲಿಂದಲೇ ನಡೆಯೋ ಹೊಸದು ಕಟ್ಟೋಕೆ ಇನ್ನೊಂದು. ಒಂದೇ ಮೇಜು, ಒಂದೇ ಪೆನ್ನು...

ಬರ್ತೀನಿ, ಅಲ್ಲಿಗೇ ಬರ್ತೀನಿ, ಅವಸರ ಮಾಡಬೇಡ. ಮೈಕು ಕೈಕೈ ದಾಟಿ ನನ್ನ ಹತ್ರ ಬಂತು. ಎದ್ದೆ. ನೀವೆಲ್ಲ ಹೇಳಿಕೊಟ್ಟ ಪ್ರಶ್ನೇನೇ. "ಘಟಕ ಮುಚ್ಚಿದ ಮೇಲೆ ಗುತ್ತಿಗೆ ಹೆಂಗಸರಿಗೆ ಆ ದುಡ್ಡಲ್ಲಿ ಪಾಲಿದೆಯಾ ಇಲ್ವಾ, ಬೊಗಳ್ರಿ ಸ್ವಾಮಿ" ಅಂದೆ. ಸಾಲ ಕೊಡೋ ಬ್ಯಾಂಕಿನ ಸಾಹೇಬನ ಕೈಲಿದ್ದ ಬಿಸ್ಕತ್ತು ಟೀಯೊಳಗೆ ಮುಳುಗಿ ಪ್ರಾಣ ಬಿಡ್ತು. ಸರ್ಕಾರದ ಕಾರ್ಯದರ್ಶಿ ಕನ್ನಡಕ ಒರೆಸ್ದ, ಒರೆಸ್ದ, ಗಾಜೇ ಸವೆದುಹೋಯ್ತು.

ಏನು? ಅವರೇನಂದ್ರು ಅಂತಾನಾ? ಅವರು... ಅಂಥೋರು ಏನಂತಾರೆ. ನೋಡೋಣ, ಮಾಡೋಣ. ಇದೆ ಅಂದ್ರಾ, ಇಲ್ಲ ಅಂದ್ರಾ ಅಂತ ಕೇಳಿದ್ರೆ... ಚಪ್ಪಾಳೆ ಜೋರಿತ್ತಮ್ಮ, ಸರಿಯಾಗಿ ಕೇಳಿಸ್ಲಿಲ್ಲ.

ಯಾಕೆ ಹಾಗೆ ನೋಡ್ತೀಯ? ಬೈಯೋದಾದ್ರೆ ಬೈದುಬಿಡು. ನಿಮ್ಮಮ್ಮನೂ ಹೀಗೇ ನೋಡ್ತಾಳೆ...

ಅದಕ್ಕೆ ಸ್ವಲ್ಪ ಮುಂಚೆ, ನಮ್ಮಂಥ ಕಾಯಂ ನೌಕರರಿಗೆಲ್ಲ ಸೋಲಾರ್ ಕಡೆ ಕೆಲಸ, ಇದೇ ಸಂಬಳ ಅಂತ ಹೇಳಿದ್ರು. ಇರೋ ದುಡ್ಡು ಇಷ್ಟೇ, ಪಾಲುದಾರರು ಹೆಚ್ಚಾದ್ರೆ ಕಷ್ಟ ಅಂತಲೂ ಹೇಳಿದ್ರು. ಆಮೇಲೆ ಮೈಕು ಬಂತು.

ಹೇಳಿದ್ದೆಲ್ಲ ನಿಜ ಕಣೇ. ಎಸಿ ನಿಜ, ಗೆರೆ ನಿಜ, ಆ ಎರಡು ಸಾಲವೂ ನಿಜ. ಒಂದು ಚೂರು ಮಾತ್ರ ನಾನು ಸೇರಿಸಿದ್ದು. ಎದ್ದೆ ಅಂದ್ನಲ್ಲ... ಏಳಲಿಲ್ಲ. ಮೈಕನ್ನ ಪಕ್ಕದವನಿಗೆ ದಾಟಿಸ್ದೆ.