ರೀಲ್ ಹಾಕದ ದಿನ

ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯ ಬೆಂಚಿನ ಮೇಲೆ, ಮಗಳ ಸರ್ಟಿಫಿಕೇಟಿಗೆ ಗಾಜು ಕತ್ತರಿಸುವುದನ್ನೇ ಕಾಯುತ್ತ ಕೂತಿದ್ದ ಟೀಚರಮ್ಮನಿಗೆ ಪಕ್ಕದವರ ಮಾತು ಕದ್ದು ಕೇಳುವ ಉದ್ದೇಶವೇನೂ ಇರಲಿಲ್ಲ. ಆದರೆ ಕಿವಿಗೆ ರೆಪ್ಪೆ ಇಲ್ಲವಲ್ಲ. ಪಕ್ಕದಲ್ಲಿದ್ದ ಹೆಂಗಸು ಹೋದ ತಿಂಗಳು ತೀರಿಕೊಂಡ ಚಿತ್ರಕಾರನ ತಂಗಿ, ಜೊತೆಯಲ್ಲಿದ್ದವನು ಆ ಚಿತ್ರಕಾರನ ಮನೆಗೆ ಎರಡು ದಿನ ಬಂದು ಫೋಟೋ ತೆಗೆದವನು ಎಂದು ಎರಡೇ ಮಾತಿಗೆ ಗೊತ್ತಾಯಿತು.

"ಇದು ಬೇಡ ಕಣಪ್ಪಾ. ಇದ್ರಲ್ಲಿ ಅಣ್ಣ ಇಸ್ತ್ರಿ ಅಂಗಿ ಹಾಕ್ಕೊಂಡು ಮದುವೆ ಗಂಡಿನ ಹಾಗೆ ಕೂತಿದಾನೆ. ಮೊದಲನೇ ದಿನದ್ದು ಕೊಡು."

"ಯಾವುದು ಅಕ್ಕಾ?"

"ಹರಿದ ಬನೀನು, ಗಡ್ಡಕ್ಕೆಲ್ಲ ಬಣ್ಣ, ಬಾಯಲ್ಲಿ ಬ್ರಷ್ ಕಚ್ಕೊಂಡೇ ನಗ್ತಿದ್ನಲ್ಲ, ಅದು."

"ಅವತ್ತು ಕ್ಯಾಮೆರಾದಲ್ಲಿ ರೀಲೇ ಇರ್ಲಿಲ್ಲ ಅಕ್ಕಾ."

"ಸುಳ್ಳು! ಕ್ಲಿಕ್ ಕ್ಲಿಕ್ ಅಂತಿದ್ದದ್ದನ್ನ ಎದುರಿಗೇ ಕೂತು ಕೇಳಿದೀನಿ."

"ಮೊದಲನೇ ದಿನ ನಾನು ರೀಲ್ ಹಾಕೋದೇ ಇಲ್ಲ. ಜನ ಬಿಗಿಯಾಗಿರ್ತಾರೆ. ಕ್ಯಾಮೆರಾ ಅಭ್ಯಾಸ ಆಗ್ಲಿ ಅಂತ ಸುಮ್ಮನೆ ಒತ್ತುತಾ ಇರ್ತೀನಿ."

"ನಮ್ಮಣ್ಣನ್ನೂ ಏಮಾರಿಸಿದ್ಯಾ ಹಾಗಾದ್ರೆ?"

"ಅವರೆಲ್ಲಿ ಏಮಾರ್ತಾರೆ! ನಾನು ಹೊರಡುವಾಗ, 'ನಾಳೆ ರೀಲ್ ಹಾಕ್ಕೊಂಡು ಬಾರಯ್ಯ, ನಾನೂ ಅಂಗಿ ಹಾಕ್ಕೊಂಡಿರ್ತೀನಿ' ಅಂದ್ರು."

ಗಾಜು ಕತ್ತರಿಸುತ್ತಿದ್ದ ಅಂಗಡಿಯವನೂ ತಲೆಯೆತ್ತಿ ಇತ್ತ ನೋಡಿದ.

"ಖಾಲಿ ಅಂತ ಗೊತ್ತಿದ್ದೂ ನಕ್ಕಿದ್ನಾ?"

"ಹೂಂ."

"ಹಾಗಾದ್ರೆ ಆ ನಗು ನಿನ್ನ ಕ್ಯಾಮೆರಾಗಲ್ಲ. ಎದುರಿಗೆ ಕೂತಿದ್ದೋಳು ನಾನು."

"ನಿಮಗೇ ಅಕ್ಕಾ."

ಆಕೆ ಎದ್ದು, ಇಸ್ತ್ರಿ ಅಂಗಿಯ ಫೋಟೋವನ್ನೇ ಅಂಗಡಿಯವನ ಕೈಗಿತ್ತಳು.

"ಇದಕ್ಕೇ ಕಟ್ಟು ಹಾಕಪ್ಪಾ. ಮನೆಗೆ ಬಂದೋರು ನೋಡೋಕೆ ಇದು ಸಾಕು," ಎಂದು ಹೇಳಿ, ಫೋಟೋ ತೆಗೆದವನಿಗಿಂತ ಮುಂಚೆ ಮೆಟ್ಟಿಲಿಳಿದಳು.